ಹದಿನಾಲ್ಕು ಮನೆಗಳ ಬೀದಿ

ನಾನೊಂದು ಅಳಗುಳಿ ಮಣೆ. ಚೆನ್ನೆಮಣೆ ಎಂದು ಕರೆದರೂ ಓಗೊಡುತ್ತೇನೆ. ಮೈಸೂರಿನ ಒಂದು ಗಲ್ಲಿಯಲ್ಲಿ ಕಾಳಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ಯಾರದೋ ಮನೆಯ ಬಾಗಿಲಿಗೆ ತಂದಿದ್ದ ಹಲಸಿನ ಹಲಗೆಯಲ್ಲಿ ಒಂದು ಮೊಳದಷ್ಟು ತುಂಡು ಉಳಿದಿತ್ತು. ಒಲೆಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಉದ್ದಕ್ಕೆ ಸೀಳಿ, ನಡುವೆ ಹಿತ್ತಾಳೆಯ ಕೀಲು ಬಡಿದು, ಪುಸ್ತಕದ ಹಾಗೆ ಮಡಚುವಂತೆ ಮಾಡಿದ. ಆ ಮಗ್ಗುಲಿಗೆ ಏಳು ಗುಣಿ, ಈ ಮಗ್ಗುಲಿಗೆ ಏಳು ಗುಣಿ ಕೊರೆದ. ಒಂದೊಂದು ಗುಣಿಗೂ ಬೆರಳಿಟ್ಟು ಸವರಿ ನೋಡಿದ. ಎಲ್ಲಿ ಒರಟಾಗಿ ಕಂಡಿತೋ ಅಲ್ಲಿ ಮತ್ತೆ ಉಜ್ಜಿದ. ಹುಟ್ಟಿದ ದಿನ ನನಗೆ ಸಿಕ್ಕಿದ ಪ್ರೀತಿ ಅದು.

ನನ್ನ ಮೇಲೆ ಆಡುವ ಆಟ ಬಹಳ ಸುಲಭ. ಎದುರು ಬದುರು ಇಬ್ಬರು ಕೂರುತ್ತಾರೆ. ಗುಣಿಗಳಿಗೆ ಮನೆ ಎಂದು ಹೆಸರು. ಒಬ್ಬೊಬ್ಬರಿಗೆ ಏಳು ಮನೆ, ಒಂದೊಂದು ಮನೆಗೆ ನಾಲ್ಕು ಕಾಳು. ನಿಮ್ಮ ಯಾವುದಾದರೂ ಮನೆಯ ಕಾಳುಗಳನ್ನೆಲ್ಲ ಎತ್ತಿಕೊಂಡು ಮುಂದಿನ ಮನೆಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ನಿಮ್ಮ ಸಾಲು ಮುಗಿದರೆ ಎದುರಿನವರ ಮನೆಗಳಿಗೂ ಹಾಕಬೇಕು. ಕೈಯ ಕಾಳು ಮುಗಿದಾಗ ಮುಂದಿನ ಮನೆ ಬರಿದಾಗಿದ್ದರೆ, ಅದರಾಚೆಯ ಮನೆಯ ಕಾಳೆಲ್ಲ ನಿಮ್ಮದು. ಕಡೆಗೆ ಯಾರ ಬಳಿ ಹೆಚ್ಚು ಕಾಳು ಸೇರುತ್ತದೋ ಅವರು ಗೆದ್ದ ಹಾಗೆ.

ನನ್ನನ್ನು ಮೊದಲು ಕೊಂಡವರು ವಕೀಲರ ಹೆಂಡತಿ ರುಕ್ಮಿಣಮ್ಮನವರು. ದೊಡ್ಡ ಮನೆ. ಊಟವಾದ ಮೇಲೆ ಹಜಾರದ ಕಿಟಕಿಯ ಬಳಿ ಚಾಪೆ ಹಾಸಿ, ತಂಗಿಯನ್ನೋ ನಾದಿನಿಯನ್ನೋ ಎದುರಿಗೆ ಕೂರಿಸಿಕೊಂಡು ನನ್ನನ್ನು ಬಿಚ್ಚುತ್ತಿದ್ದರು. ಅವರು ಆಡುವುದನ್ನು ನೋಡುವುದೇ ಒಂದು ಸೊಗಸು. ಕಾಳು ಎಣಿಸುತ್ತಲೇ ಇರಲಿಲ್ಲ. ಕಣ್ಣು ಹಾಯಿಸಿದರೆ ಲೆಕ್ಕ ಆಗಿಬಿಡುತ್ತಿತ್ತು.

ಕಿಟಕಿಯ ಆಚೆ ಅಂಗಳ. ಅಂಗಳ ಗುಡಿಸಿ ಪಾತ್ರೆ ಬೆಳಗುವವಳು ಪುಟ್ಟಮಾದಮ್ಮ. ಅವಳು ಹೊಸಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ. ಅವಳ ಜಾತಿ ಅಂಥದೆಂದು ಆ ಮನೆಯವರ ನಂಬಿಕೆ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿದು ಕಿಟಕಿಯ ಹೊರಗೆ ನಿಂತು ಆಟ ನೋಡುತ್ತಿದ್ದಳು. ಒಂದು ಮಧ್ಯಾಹ್ನ ರುಕ್ಮಿಣಮ್ಮನವರು ಸೋಲುವುದರಲ್ಲಿದ್ದರು. ಪುಟ್ಟಮಾದಮ್ಮನಿಗೆ ತಡೆಯಲಾಗಲಿಲ್ಲ.

"ಅಮ್ಮಾವ್ರೇ, ಎಡಗಡೆಯಿಂದ ಮೂರ್ನೇದು ಎತ್ತಿ. ಅವ್ರ ದೊಡ್ಮನೆ ಪೂರಾ ನಿಮ್ಗೇ ಬತ್ತದೆ."

"ನಿನ್ನ ಕೆಲಸ ನೀನು ನೋಡ್ಕೋ ಹೋಗು," ಎಂದರು ರುಕ್ಮಿಣಮ್ಮನವರು. ಆಮೇಲೆ ಮೂರನೆಯದನ್ನೇ ಎತ್ತಿದರು. ಗೆದ್ದರು. ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

ಅವರೇನು ಕೆಟ್ಟವರಲ್ಲ. ಹಬ್ಬಕ್ಕೆ ಪುಟ್ಟಮಾದಮ್ಮನಿಗೆ ಸೀರೆ ಕೊಡುತ್ತಿದ್ದರು, ಜ್ವರ ಬಂದರೆ ಮಾತ್ರೆ ಕೊಡಿಸುತ್ತಿದ್ದರು. ಆದರೆ ಇಪ್ಪತ್ತು ವರ್ಷ ದಿನಾ ಎದುರಿನವರ ಮನೆಗೆ ಕಾಳು ಹಾಕಿದ ಆ ಕೈ ಒಂದು ಸಲವೂ ಕಿಟಕಿಯ ಆಚೆಗೆ ಚಾಚಲಿಲ್ಲ. ನಾನೂ ಸುಮ್ಮನೆ ಬಿದ್ದಿದ್ದೆ. ಮರದ ತುಂಡು ಮತ್ತೇನು ಮಾಡೀತು?

ವಕೀಲರು ಹೋದರು, ರುಕ್ಮಿಣಮ್ಮನವರೂ ಹೋದರು. ಮನೆ ಮಾರಿದರು. ಸಾಮಾನೆಲ್ಲ ಅಂಗಳಕ್ಕೆ ಬಂದ ದಿನ ಸೊಸೆ ನನ್ನನ್ನು ಎತ್ತಿ ಪುಟ್ಟಮಾದಮ್ಮನ ಮುಂದೆ ಇಟ್ಟಳು. "ಒಲೆಗಾದ್ರೂ ಆಗುತ್ತೆ, ತಗೊಂಡ್ಹೋಗು."

ಪುಟ್ಟಮಾದಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಒಂದೇ ಕೋಣೆಯ ಮನೆ. ಹನ್ನೆರಡು ವರ್ಷದ ಮಗಳು ಶಿವನಂಜಿಯನ್ನು ಎದುರಿಗೆ ಕೂರಿಸಿದಳು. ಕಾಳಿಗೆ ಬೇಲಿಯಿಂದ ಬಿಡಿಸಿದ ಗಜ್ಜುಗ, ಗೋಲಿಯಷ್ಟು ದಪ್ಪ, ಬೂದಿಯ ಬಣ್ಣ. ಮೊದಲ ಮನೆಗೆ ಪುಟ್ಟಮಾದಮ್ಮನೇ ಕೈ ಹಾಕಿದಳು. ಪಾತ್ರೆ ತಿಕ್ಕಿ ತಿಕ್ಕಿ ಒರಟಾದ ಬೆರಳು. ಅಂಥ ಬೆರಳು ನನ್ನನ್ನು ಮುಟ್ಟಿದ್ದು ಕಾಳಾಚಾರಿಯ ನಂತರ ಅದೇ ಮೊದಲು.

ಐದು ನಿಮಿಷದಲ್ಲಿ ಮಗಳ ಮನೆಗಳೆಲ್ಲ ಬರಿದಾದವು.

"ಅವ್ವ, ನೀನ್ಯಾವಾಗ ಕಲ್ತೆ?"

"ಇಪ್ಪತ್ತೊರ್ಸ ಕಣ್ಣಲ್ಲೇ ಆಡಿವ್ನಿ ಕಣವ್ವ. ಕೈಯಲ್ಲಿ ಇವತ್ತೇ."

ಆಡಿದರೆ ಮನುಷ್ಯರು ಬದಲಾಗುತ್ತಾರೆ ಎಂದು ಯಾರಾದರೂ ಆಗ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮುಂದೆ ಆದದ್ದನ್ನು ಹೇಳುತ್ತೇನೆ, ಕೇಳಿ.

ಶಿವನಂಜಿ ಬೆಳೆದು ಶಿವನಂಜಮ್ಮ ಆದಳು. ಹೊಲಿಗೆ ಕಲಿತಳು. ಗಂಡ ಬೇಗ ತೀರಿಕೊಂಡರೂ ಮಿಷಿನ್ ನಿಲ್ಲಿಸಲಿಲ್ಲ. ವಿಶ್ವವಿದ್ಯಾಲಯಕ್ಕೆ ನಡೆದುಹೋಗುವಷ್ಟು ಹತ್ತಿರದ ಒಂದು ಬೀದಿಯಲ್ಲಿ ಸ್ವಂತ ಮನೆ ಕಟ್ಟಿದಳು, ಮೇಲೊಂದು ರೂಮ್ ಸಮೇತ. ಪುಟ್ಟಮಾದಮ್ಮ ಆ ಮನೆಯ ಜಗಲಿಯ ಮೇಲೆ ಎರಡು ವರ್ಷ ಕಾಲು ಚಾಚಿ ಕೂತು, ಆಮೇಲೆ ಕಣ್ಣು ಮುಚ್ಚಿದಳು.

ಅವಳು ಹೋದ ಮೇಲೆ ನನ್ನೊಂದಿಗೆ ಆಡುವವರು ಯಾರೂ ಇರಲಿಲ್ಲ. ಶಿವನಂಜಮ್ಮ ನನ್ನನ್ನು ಹೊಲಿಗೆ ಮೇಜಿನ ಮೇಲೆ ಬಿಚ್ಚಿಟ್ಟು ಒಂದು ಗುಣಿಗೆ ಹುಕ್ಕು, ಒಂದಕ್ಕೆ ಬಟನ್, ಒಂದಕ್ಕೆ ಗುಂಡುಪಿನ್ನು, ಒಂದಕ್ಕೆ ಸೀಮೆಸುಣ್ಣದ ಚೂರು ತುಂಬಿದಳು. ಹನ್ನೊಂದು ವರ್ಷ ಹಾಗೆ ಬಿದ್ದಿದ್ದೆ. ಬೇಸರವೇನೂ ಆಗಲಿಲ್ಲ. ಬೀದಿಯ ಹೆಂಗಸರೆಲ್ಲ ರವಿಕೆ ಹೊಲಿಸಲು ಅಲ್ಲಿಗೇ ಬರುತ್ತಿದ್ದರು. ಯಾರ ಮನೆಯಲ್ಲಿ ಏನಾಯಿತು ಎನ್ನುವುದು ನನಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಒಂದು ಜೂನ್ ತಿಂಗಳಲ್ಲಿ ಎಫುವಾ ಬಂದಳು.

ಎತ್ತರದ ಹುಡುಗಿ, ಕಪ್ಪು ಮೈ, ಸಣ್ಣ ಸಣ್ಣ ಜಡೆಗಳನ್ನು ಒಟ್ಟುಗೂಡಿಸಿ ಕಟ್ಟಿದ್ದಳು. ಆಫ್ರಿಕಾದ ಘಾನಾ ದೇಶದವಳು, ಇಲ್ಲಿ ಶಿಕ್ಷಣದ ಎಂ.ಎ. ಓದುತ್ತಿದ್ದಳು. ಗೇಟಿನಲ್ಲಿ 'ರೂಮ್ ಬಾಡಿಗೆಗೆ ಇದೆ' ಎಂಬ ಬೋರ್ಡು ನೋಡಿ ಕೇಳಲು ಬಂದಿದ್ದಳು. ಶಿವನಂಜಮ್ಮ ಮಿಷಿನ್ನಿನಿಂದ ತಲೆಯೆತ್ತಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ರೂಮ್ ಇಲ್ಲಮ್ಮ. ಕೊಟ್ಟಾಯ್ತು."

ಹುಡುಗಿ ತಿರುಗಿ ಬೋರ್ಡನ್ನು ಒಮ್ಮೆ ನೋಡಿದಳು. "ಸರಿ ಅಮ್ಮ, ಥ್ಯಾಂಕ್ಸ್," ಎಂದು ಹೊರಟುಹೋದಳು.

ಆ ಹೊತ್ತಿಗೆ ಎದುರುಮನೆಯ ಪ್ರಮೀಳಾ ರವಿಕೆಯ ಅಳತೆ ಕೊಡುತ್ತಿದ್ದಳು. ಬೀದಿಯಲ್ಲಿ ಅವಳ ಮಾತಿಗೆ ತೂಕ. "ಒಳ್ಳೇದು ಮಾಡಿದ್ರಿ ಶಿವನಂಜಮ್ಮ. ಗೋಡೆಗೆಲ್ಲ ಕರಿ ಮೆತ್ಕೊಂಡ್ರೆ ಮತ್ತೆ ಸುಣ್ಣ ಹೊಡೆಸ್ಬೇಕಾಗುತ್ತೆ," ಎಂದು ನಕ್ಕಳು. ಶಿವನಂಜಮ್ಮನೂ ನಕ್ಕಳು. ಗೊಂಬೆಗೆ ಲಂಗ ಮಾಡಲು ಮೂಲೆಯಲ್ಲಿ ಬಟ್ಟೆಚೂರು ಆರಿಸುತ್ತಿದ್ದ ಪ್ರಮೀಳಾಳ ಮಗಳು ಸಿಂಚನಾ, ಒಂಬತ್ತು ವರ್ಷದವಳು, ದೊಡ್ಡವರು ನಕ್ಕರೆಂದು ತಾನೂ ನಕ್ಕಳು.

ಎರಡು ವಾರ ಕಳೆದು ಎಫುವಾ ಮತ್ತೆ ಬಂದಳು. ರೂಮು ಕೇಳಲಿಲ್ಲ. ತನ್ನ ಊರಿನ ಬಟ್ಟೆ ತಂದಿದ್ದಳು. ನೀಲಿಯ ಮೇಲೆ ದೊಡ್ಡ ದೊಡ್ಡ ಹಳದಿ ಚಕ್ರಗಳ ಗಟ್ಟಿ ಹತ್ತಿಬಟ್ಟೆ. ಉದ್ದನೆಯ ಗೌನು ಹೊಲಿಯಬೇಕಿತ್ತು. ಬಂದ ಕೆಲಸವನ್ನು ಶಿವನಂಜಮ್ಮ ಬೇಡ ಎನ್ನುವವಳಲ್ಲ, ಟೇಪು ತೆಗೆದುಕೊಂಡಳು. ಆಗ ನಾನು ಕಂಡದ್ದನ್ನು ಮರೆಯಲಾರೆ. ಟೇಪು ಹುಡುಗಿಯ ಎದೆಯ ಸುತ್ತ ಬಂತು, ಸೊಂಟದ ಸುತ್ತ ಬಂತು. ಶಿವನಂಜಮ್ಮನ ಬೆರಳು ಮಾತ್ರ ಎಲ್ಲಿಯೂ ತಗಲಲಿಲ್ಲ. ತುದಿಯಲ್ಲಿ ಹಿಡಿದು, ಗಾಳಿಯಲ್ಲೇ ಅಳೆದಳು.

"ಅಮ್ಮ, ಸ್ವಲ್ಪ ಟೈಟ್ ಹಿಡೀರಿ. ಇಲ್ಲ ಅಂದ್ರೆ ಅಳತೆ ತಪ್ಪುತ್ತೆ," ಎಂದಳು ಎಫುವಾ. ಒಂದು ವರ್ಷದಲ್ಲಿ ಬಸ್ಸು, ಮೆಸ್ಸುಗಳಲ್ಲಿ ಕಲಿತ ಕನ್ನಡ. ಧೈರ್ಯವಾಗಿ ಆಡುತ್ತಿದ್ದಳು.

ಶಿವನಂಜಮ್ಮ ಉತ್ತರ ಕೊಡುವ ಮುಂಚೆ ಹುಡುಗಿಯ ಕಣ್ಣು ನನ್ನ ಮೇಲೆ ಬಿತ್ತು. ಕಿರುಚಿಕೊಂಡಳು ಎಂದೇ ಹೇಳಬೇಕು.

"ಒವಾರೆ! ಅಮ್ಮ, ಇದು ನಮ್ಮ ಊರಲ್ಲಿ ಇದೆ! ನಮ್ಮ ಅಜ್ಜಿ ದಿನಾ ಆಡ್ತಾರೆ. ಹೆಸರು ಒವಾರೆ. ನಮ್ದು ಆರು ಮನೆ, ನಿಮ್ದು..." ಎಣಿಸಿದಳು. "ಏಳು! ಇದ್ರಲ್ಲಿ ಯಾಕೆ ಹುಕ್ ಇದೆ?"

ಶಿವನಂಜಮ್ಮ ಟೇಪು ಹಿಡಿದು ನಿಂತೇಬಿಟ್ಟಳು. "ನಿಮ್ಮೂರಲ್ಲಿ ಅಳಗುಳಿ ಮಣೆನಾ? ಸುಳ್ಳು ಹೇಳ್ಬೇಡ."

"ಸುಳ್ಳಲ್ಲ. ಆಡಿ ತೋರಿಸ್ಲಾ?"

ಹೋಗಿ ಒಳಗಿನಿಂದ ಅವ್ವನ ಗಜ್ಜುಗದ ಡಬ್ಬಿ ತಂದಳು ಶಿವನಂಜಮ್ಮ. ಮುಚ್ಚಳ ತೆರೆದಾಗ ಎಫುವಾ ಒಂದು ಗಜ್ಜುಗ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅವಳ ಅಜ್ಜಿ ಆಡುವುದೂ ಇದೇ ಕಾಳಿನಿಂದ. ಸಮುದ್ರದ ದಂಡೆಯ ಮುಳ್ಳುಪೊದೆಯಲ್ಲಿ ಸಿಗುತ್ತದಂತೆ. ಹನ್ನೊಂದು ವರ್ಷದ ಹುಕ್ಕು, ಪಿನ್ನುಗಳನ್ನು ಇಬ್ಬರೂ ಸೇರಿ ಖಾಲಿ ಮಾಡಿದರು. ನನ್ನ ಮೈ ಹಗುರವಾಯಿತು.

ಎರಡನೆಯ ಸಲ ಕಾಳು ಎತ್ತುವಾಗಲೇ ಜಗಳ.

"ಅದು ಕಳ್ಳಾಟ! ಬರೀ ಮನೆ ಸಿಕ್ಮೇಲೆ ಅದರ ಮುಂದಿಂದು ತಗೋಬೇಕು."

"ಇಲ್ಲ ಅಮ್ಮ, ನಮ್ಮಲ್ಲಿ ಕೊನೇ ಕಾಳು ಬಿದ್ದ ಮನೇಲಿ ಎರಡೋ ಮೂರೋ ಆದ್ರೆ ಮಾತ್ರ ತಗೋಬೇಕು."

ಕೊನೆಗೆ ಒಂದಾಟ ಮೈಸೂರಿನ ನಿಯಮ, ಒಂದಾಟ ಘಾನಾ ನಿಯಮ ಎಂದಾಯಿತು. ಮೊದಲನೆಯದನ್ನು ಶಿವನಂಜಮ್ಮ ಗೆದ್ದಳು. ಎರಡನೆಯದರಲ್ಲಿ ಅವಳ ಏಳು ಮನೆಯೂ ಬರಿದಾದವು. ಅವಳು ಎದ್ದೇಳಲು ಹೋದಾಗ ಎಫುವಾ ತಡೆದು, ತನ್ನ ಕಡೆಯಿಂದ ಆರು ಕಾಳು ಎತ್ತಿ ಹಾಕುತ್ತ ಬಂದು ಮೂರನ್ನು ಅವಳ ಮನೆಗಳಿಗೆ ಹಾಕಿದಳು.

"ಇದೇನು?"

"ಎದುರಿನವರ ಹತ್ರ ಏನೂ ಇಲ್ಲ ಅಂದ್ರೆ, ಅವರಿಗೆ ಕಾಳು ಸಿಗೋ ಥರ ಆಡ್ಬೇಕು. ನಮ್ಮ ರೂಲ್. ಹಸಿದಿರೋರ ಜೊತೆ ಆಟ ಇಲ್ಲ."

"ಸೋತೋರಿಗೆ ಉಣ್ಣಕ್ಕಿಕ್ಬೇಕಾ! ಇದ್ಯಾವ ಸೀಮೆ ಆಟ ಕಣವ್ವ!" ಎಂದು ಶಿವನಂಜಮ್ಮ ನಕ್ಕಳು. ಅಷ್ಟರಲ್ಲಿ ಇಬ್ಬರ ಬೆರಳೂ ಒಂದೇ ಗುಣಿಯಲ್ಲಿ ಹತ್ತಾರು ಸಲ ತಾಗಿದ್ದವು. ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ನಗು ನಿಂತ ಮೇಲೆ ಎಫುವಾ ಮೆಲ್ಲಗೆ ಕೇಳಿದಳು. "ಅಮ್ಮ, ಆವತ್ತು ರೂಮ್ ಖಾಲಿ ಇತ್ತು, ಅಲ್ವಾ?"

ಶಿವನಂಜಮ್ಮ ಒಂದು ಗಜ್ಜುಗವನ್ನು ಅಂಗೈಯಲ್ಲಿ ಉರುಳಿಸುತ್ತ ಕೂತಳು.

"ಇತ್ತು ಕಣವ್ವ. ಸುಳ್ಳು ಹೇಳ್ದೆ. ಇಕಾ, ಈ ಮಣೆ ಐತಲ್ಲ, ಇದ್ನ ನಮ್ಮವ್ವ ಇಪ್ಪತ್ತೊರ್ಸ ಕಿಟಕಿ ಆಚೆ ನಿಂತು ನೋಡಿದ್ಲು. ಮುಟ್ಟಕ್ಕೆ ಬುಡ್ಲಿಲ್ಲ ಅವಳ್ನ. ಅಂಥೋಳ ಹೊಟ್ಟೇಲಿ ಹುಟ್ಟಿ ನಾನೂ ಅದ್ನೇ ಮಾಡ್ಬುಟ್ನಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ಟೇಪು ಕೈಗೆ ತೆಗೆದುಕೊಂಡಳು. "ಎದ್ದೇಳು. ಅಳತೆ ಸರಿಯಾಗಿ ತಗಂಡಿಲ್ಲ ನಾನು."

ಈ ಸಲ ಹುಡುಗಿಯ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದು ನೇರ ನಿಲ್ಲಿಸಿ, ಟೇಪನ್ನು ಮೈಗೆ ಒತ್ತಿ ಅಳೆದಳು. ಹಿಂದೆ ಬರೆದುಕೊಂಡಿದ್ದ ಅಂಕಿಗಳನ್ನೆಲ್ಲ ಹೊಡೆದುಹಾಕಿದಳು.

ರೂಮಿಗೆ ಬಾ ಎಂದೂ ಹೇಳಿದಳು. ಎಫುವಾ ತಕ್ಷಣ ಹೂಂ ಅನ್ನಲಿಲ್ಲ. "ಯೋಚನೆ ಮಾಡ್ತೀನಿ ಅಮ್ಮ," ಎಂದಳು. ಇದೇ ಬೀದಿಯಲ್ಲಿ ಹನ್ನೊಂದು ಮನೆಯ ಬಾಗಿಲು ತಟ್ಟಿ ಬಂದವಳು ಅವಳು. ನಾಲ್ಕನೆಯ ದಿನ ಪೆಟ್ಟಿಗೆ ಹೊತ್ತು ಬಂದಳು.

ಬೀದಿಗೆ ಅದು ಸರಿಬರಲಿಲ್ಲ. ಗೌರಿ ಹಬ್ಬ ಹತ್ತಿರ ಬಂದರೂ ಶಿವನಂಜಮ್ಮನ ಮೇಜಿನ ಮೇಲೆ ರವಿಕೆ ಬಟ್ಟೆಯ ರಾಶಿ ಬೆಳೆಯಲಿಲ್ಲ. ಹೆಂಗಸರು ಮುಂದಿನ ರಸ್ತೆಯ ಟೈಲರ್ ಹತ್ತಿರ ಹೋದರು. ಎಫುವಾ ನಡೆದು ಬಂದರೆ ಗೇಟುಗಳು ಮುಚ್ಚುತ್ತಿದ್ದವು. ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಬರುತ್ತಾರೆ ಎಂದು ಒಂದು ಸಂಜೆ ಆಟದ ನಡುವೆ ಹೇಳಿದಳು. ಹೇಳಿ, ಮುಂದಿನ ಮನೆಯ ಕಾಳು ಎತ್ತಿದಳು. ಶಿವನಂಜಮ್ಮ ಆ ದಿನ ಬೇಕೆಂದೇ ಸೋತಳು. ಎಫುವಾಗೆ ಅದು ಗೊತ್ತಾಗಿ ಸಿಟ್ಟು ಬಂತು. "ಪಾಪ ಅಂತ ಸೋಲಬೇಡಿ ಅಮ್ಮ. ಸರಿಯಾಗಿ ಆಡಿ." ಆಮೇಲೆ ಶಿವನಂಜಮ್ಮ ಸರಿಯಾಗಿಯೇ ಆಡಿದಳು, ಮೂರಾಟ ಸತತ ಗೆದ್ದಳು, ಇಬ್ಬರಿಗೂ ಸಮಾಧಾನವಾಯಿತು.

ಬಟ್ಟೆಚೂರಿನ ಆಸೆಗೆ ಸಿಂಚನಾ ಮಾತ್ರ ಬರುವುದು ಬಿಟ್ಟಿರಲಿಲ್ಲ. ಆಟ ಕಂಡು ಪಕ್ಕದಲ್ಲಿ ಕೂತಳು. ಅವಳ ಹಿಂದೆ ಇನ್ನೂ ನಾಲ್ಕೈದು ಮಕ್ಕಳು. ಸಂಜೆ ನಾಲ್ಕಕ್ಕೆ ಜಗಲಿ ತುಂಬಿಹೋಗುತ್ತಿತ್ತು. ಒಂದು ದಿನ ಸಿಂಚನಾ ಕೇಳಿದಳು. "ಅಕ್ಕ, ನೀವು ನಮ್ಮ ಬೀದೀಗೇ ಯಾಕೆ ಬಂದ್ರಿ?"

ಎಫುವಾ ಸ್ವಲ್ಪ ಯೋಚಿಸಿದಳು. ಮೇಜಿನಿಂದ ಒಂದು ಕೆಂಪು ಬಟನ್ ತಂದಳು.

"ಹೇಳಲ್ಲ. ಆಡೋಣ. ಇದು ನಿಮ್ಮ ಬೀದಿ, ಹದಿನಾಲ್ಕು ಮನೆ. ಯಾವ್ದು ಯಾರ ಮನೆ, ನೀವೇ ಹೇಳಿ. ಈ ಕೆಂಪು ಬಟನ್ ತುಂಬಾ ದೂರದಿಂದ ಬಂದಿದೆ. ಅದಕ್ಕೆ ಒಂದು ರೂಮ್ ಬೇಕು. ಬಟನ್ ಯಾವ ಮನೆಯಲ್ಲಿ ನಿಲ್ಲುತ್ತೋ, ಆ ಮನೆ ಹಿಡಿದಿರೋರು ಮಾತಾಡ್ಬೇಕು. ಆದ್ರೆ ಒಂದು ರೂಲ್. ಆ ಮನೆಯವರು ನಿಜವಾಗಿ ಏನು ಹೇಳ್ತಾರೋ ಅದನ್ನೇ ಹೇಳ್ಬೇಕು."

ಮಕ್ಕಳಿಗೆ ಖುಷಿಯೋ ಖುಷಿ. ದೊಡ್ಡವರ ಧ್ವನಿ ಅನುಕರಿಸುವುದೆಂದರೆ ಯಾರಿಗೆ ಇಷ್ಟವಿಲ್ಲ? ಆ ಹೊತ್ತಿಗೇ ಪ್ರಮೀಳಾ ಗೇಟು ತೆಗೆದು ಬಂದಳು. ಹೊಲಿಸಲು ಬಂದದ್ದಲ್ಲ, ಭಾನುವಾರ ಬೀದಿಯ ಸಂಘದವರು ಬಂದು ಈ ಹುಡುಗಿಯಿಂದ ರೂಮು ಬಿಡಿಸಲು ಹೇಳುತ್ತಾರೆ, ಎಲ್ಲರೂ ಸಹಿ ಹಾಕುತ್ತಾರೆ ಎಂದು ಶಿವನಂಜಮ್ಮನಿಗೆ ತಿಳಿಸಲು. ಬಾಗಿಲಲ್ಲಿ ನಿಂತು ಅದನ್ನು ಹೇಳುತ್ತಿದ್ದಳು. ಜಗಲಿಯ ಮೇಲೆ ಬಟನ್ ಮನೆ ಮನೆ ತಿರುಗುತ್ತಿತ್ತು.

"ರೂಮ್ ಇದೆಯಾ?"

"ಇಲ್ಲಪ್ಪ, ನಮ್ಮ ಅಣ್ಣನ ಮಗ ಬರ್ತಾನೆ."

"ರೂಮ್ ಇದೆಯಾ?"

"ನೀವು ಏನೇನು ತಿಂತೀರೋ ಏನೋ. ಮುಂದೆ ಹೋಗಿ."

ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಬಟನ್ ಸಿಂಚನಾ ಹಿಡಿದಿದ್ದ ಮನೆಗೆ ಬಂತು. ಅದು ಅವರ ಮನೆಯೇ. ಅವಳು ಸೊಂಟಕ್ಕೆ ಕೈಯಿಟ್ಟು, ಕತ್ತು ಓರೆ ಮಾಡಿ, ಅಮ್ಮನದೇ ಧ್ವನಿಯಲ್ಲಿ ಹೇಳಿದಳು. "ರೂಮೇನೋ ಇದೆ. ಗೋಡೆಗೆಲ್ಲ ಕರಿ ಮೆತ್ಕೊಂಡ್ರೆ ಮತ್ತೆ ಸುಣ್ಣ ಹೊಡೆಸ್ಬೇಕಾಗುತ್ತೆ!"

ಬಾಗಿಲಲ್ಲಿ ಪ್ರಮೀಳಾಳ ಮಾತು ಅರ್ಧಕ್ಕೆ ನಿಂತಿತು.

ಎಫುವಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಚೆನ್ನಾಗಿ ಹೇಳಿದೆ," ಎಂದಳು. "ಈಗ ನಿನ್ನ ಸರದಿ ಸಿಂಚನಾ. ನೀನೇ ಬಟನ್."

ಸಿಂಚನಾ ಬಟನ್ ಹಿಡಿದು ಹೊರಟಳು. ಮೊದಲ ಮನೆಯಲ್ಲಿ ನಗುತ್ತ ಕೇಳಿದಳು. ಎರಡನೆಯದರಲ್ಲೂ ನಕ್ಕಳು. ನಾಲ್ಕನೆಯ ಮನೆಯವನು "ನಿಮ್ಮ ಕೂದಲು ಮುಟ್ಟಿ ನೋಡ್ಲಾ? ರೂಮ್ ಮಾತ್ರ ಇಲ್ಲ," ಎಂದ. ಆರನೆಯದು ಮಾತೇ ಆಡದೆ ಬಾಗಿಲು ಹಾಕಿಕೊಂಡಂತೆ ನಟಿಸಿತು. ಒಂಬತ್ತನೆಯ ಮನೆಯ ಹತ್ತಿರ ಬಂದಾಗ ಅವಳ ಬೆರಳು ನನ್ನ ಅಂಚಿನಲ್ಲಿ ತಡೆದು ನಿಂತಿತು. ಬಟನ್ ಕೆಳಗಿಟ್ಟಳು.

"ನಂಗೆ ಸಾಕು. ಯಾರೂ ಕೊಡ್ತಾನೇ ಇಲ್ಲ. ನಾನೇನು ಮಾಡಿದ್ದೀನಿ?"

"ಏನೂ ಮಾಡಿಲ್ಲ," ಎಂದಳು ಎಫುವಾ.

ಹುಡುಗಿ ಅವಳನ್ನು ನೋಡಿದಳು. ಆಮೇಲೆ, "ಅಕ್ಕ, ಇದು ನೀವಾ?" ಎಂದಳು.

ಎಫುವಾ ತಲೆಯಾಡಿಸಿದಳು. ಸಿಂಚನಾ ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು. ಪ್ರಮೀಳಾ ಬಂದ ದಾರಿಯಲ್ಲೇ ಹಿಂದಿರುಗಿದಳು. ಮಗಳನ್ನು ಕರೆಯಲೂ ಇಲ್ಲ.

ಸಂಘದ ಸುದ್ದಿ ಕೇಳಿ ಎಫುವಾ ಪೆಟ್ಟಿಗೆ ಕಟ್ಟಲು ಹೋದಾಗ ಶಿವನಂಜಮ್ಮ ಅದನ್ನು ಕಿತ್ತುಕೊಂಡು ಮಂಚದ ಕೆಳಗೆ ತಳ್ಳಿದಳು.

ಭಾನುವಾರ ಬೆಳಗ್ಗೆ ಸಂಘದ ಅಧ್ಯಕ್ಷರು ಬಂದರು. ಗುರುಮಲ್ಲಪ್ಪನವರು, ನಿವೃತ್ತ ಹೆಡ್‌ಮಾಸ್ತರು. ಹಿಂದೆ ಇಪ್ಪತ್ತು ಜನ. ಕೈಯಲ್ಲಿ ಮನವಿ ಪತ್ರ. ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ನೋಡಿ ಶಿವನಂಜಮ್ಮ, ನಮಗೆ ಯಾರ ಮೇಲೂ ದ್ವೇಷ ಇಲ್ಲ. ಬೀದಿಯ ಜನರ ಅಭಿಪ್ರಾಯ..."

"ಸಾರ್," ಎಂದಳು ಶಿವನಂಜಮ್ಮ. "ಈ ಮನೆ ನಾನು ಸೂಜಿ ಮೊನೇಲಿ ಕಟ್ಟಿರೋದು. ಇದ್ರಲ್ಲಿ ಯಾರಿರ್ಬೇಕು ಅಂತ ನಾನು ಹೇಳ್ತೀನಿ. ಅವಳು ಇಲ್ಲೇ ಇರ್ತಾಳೆ."

ಗದ್ದಲವಾಯಿತು. ಗುರುಮಲ್ಲಪ್ಪನವರು ಕೈಯೆತ್ತಿ ಸುಮ್ಮನಾಗಿಸಿ, ಪೆನ್ನನ್ನು ಪ್ರಮೀಳಾಳ ಕಡೆ ಚಾಚಿದರು. ಮೊದಲ ಸಹಿ ಅವಳದೇ ಆಗಬೇಕಿತ್ತು. ದೂರು ಹೇಳಿದ್ದೂ ಅವಳೇ.

ಪ್ರಮೀಳಾ ಪೆನ್ನು ಮುಟ್ಟಲಿಲ್ಲ. "ನಾನು ಹಾಕಲ್ಲ ಸಾರ್."

"ನೀವೇ ತಾನೆ ಶುರು ಮಾಡಿದ್ದು?"

"ಹೌದು, ನಾನೇ. ನಾನಾಡಿದ ಮಾತನ್ನ ನನ್ನ ಮಗಳ ಬಾಯಲ್ಲಿ ಕೇಳ್ದೆ. ಅಷ್ಟು ಚೆನ್ನಾಗಿ ಕಲ್ತಿದ್ದಾಳೆ. ನಾಲ್ಕು ದಿನದಿಂದ ನನಗೆ ನನ್ನ ಧ್ವನೀನೇ ಸೇರ್ತಿಲ್ಲ." ಅವಳು ಎಫುವಾಳ ಕಡೆ ತಿರುಗಿದಳು, ಮುಖ ಕೆಂಪಾಗಿತ್ತು. "ತಪ್ಪಾಯ್ತಮ್ಮ. ಎಲ್ಲರ ಮುಂದೆ ಹೇಳ್ತಿದ್ದೀನಿ."

ಆಗ ಜಗಲಿಯಿಂದ ಸಿಂಚನಾಳ ಧ್ವನಿ ಬಂತು. "ಹೆಡ್‌ಮಾಸ್ತರ್ ತಾತ, ಬನ್ನಿ, ಒಂದಾಟ ಆಡಿ. ನೀವು ಬಟನ್."

ಮಕ್ಕಳ ಮಾತು ತೆಗೆದುಹಾಕಿ ಅಭ್ಯಾಸವಿಲ್ಲದ ಮನುಷ್ಯ. ಕೂತರು. ಹೇಗೆ ಆಡುವುದೆಂದು ಮಕ್ಕಳು ಹೇಳಿಕೊಟ್ಟರು. ಒಂದನೆಯ ಮನೆಯಲ್ಲಿ ರೂಮಿಲ್ಲ. ಎರಡನೆಯದರಲ್ಲಿ ಇಲ್ಲ. ಮೂರನೆಯ ಮನೆಯ ಹುಡುಗ "ಮುದುಕರಿಗೆ ಕೊಡಲ್ಲ, ಕೆಮ್ತಾರೆ," ಎಂದ.

"ಏನೋ ಅಂದೆ? ನಾನು ಮೂವತ್ನಾಲ್ಕು ವರ್ಷ ಪಾಠ ಹೇಳಿದೋನು!" ಗುರುಮಲ್ಲಪ್ಪನವರು ನಿಜವಾಗಿಯೇ ರೇಗಿದರು.

"ಬಟನ್‌ಗೆ ಅದೆಲ್ಲ ಹೇಳಕ್ಕಾಗಲ್ಲ ತಾತ," ಎಂದಳು ಸಿಂಚನಾ. "ಯಾರೂ ಕೇಳಲ್ಲ."

ಅಂಗಳದಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಗುರುಮಲ್ಲಪ್ಪನವರು ನಗಲಿಲ್ಲ. ಕೈಯಲ್ಲಿದ್ದ ಬಟನನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೂತರು. ಆಮೇಲೆ ಎಫುವಾಳನ್ನು ಕೇಳಿದರು. "ನಮ್ಮನೆಗೂ ಬಂದಿದ್ಯೇನಮ್ಮ?"

"ಬಂದಿದ್ದೆ ಸಾರ್. ಏಳನೇ ಮನೆ. ನಿಮ್ಮ ಮನೆಯಲ್ಲಿ ನೀರು ಕೊಟ್ರು. ರೂಮ್ ಕೊಡ್ಲಿಲ್ಲ."

ಅವರು ಮನವಿ ಪತ್ರವನ್ನು ನಾಲ್ಕಾಗಿ ಮಡಚಿ, ಆಡುವಾಗ ಅಲುಗುತ್ತಿದ್ದ ನನ್ನ ಒಂದು ಮೂಲೆಯ ಕೆಳಗೆ ಸಿಕ್ಕಿಸಿದರು. "ಈಗ ಸರಿ ಕೂತಿತು," ಎಂದರು. "ಎಲ್ಲಿ, ಇದರ ನಿಜವಾದ ಆಟ ಹೇಳಿಕೊಡಿ."

ಬೀದಿ ಒಂದೇ ದಿನದಲ್ಲಿ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಎರಡು ಮನೆಯವರು ಕೊನೆಯವರೆಗೂ ಎಫುವಾಳ ಮುಖ ನೋಡಲಿಲ್ಲ. ಆದರೆ ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ಶಿವನಂಜಮ್ಮನ ಮೇಜಿನ ಮೇಲೆ ರವಿಕೆ ಬಟ್ಟೆಗಳು ಎಷ್ಟು ಬಿದ್ದವೆಂದರೆ ಎಫುವಾಳೇ ಕೂತು ಹುಕ್ಕು ಹಾಕಬೇಕಾಯಿತು. ಪ್ರಮೀಳಾ ಬಾಗಿನ ಕೊಟ್ಟಾಗ ಅದರೊಳಗೆ ಏನಿದೆ ಎಂದು ಎಫುವಾ ಅಲ್ಲೇ ಬಿಚ್ಚಿ ನೋಡಿ ಎಲ್ಲರನ್ನೂ ನಗಿಸಿದಳು. ಮಕ್ಕಳು ಆಟವನ್ನು ಶಾಲೆಗೆ ಒಯ್ದರು, ಮೊಟ್ಟೆಯ ಟ್ರೇ ಕತ್ತರಿಸಿ ಮಣೆ ಮಾಡಿಕೊಂಡರು. ಶಾಲೆಯ ಮಕ್ಕಳು ಬಟನನ್ನು ಕುಂಟುವ ಹುಡುಗ ಮಾಡಿದರು, ಬೇರೆ ಜಾತಿಯ ಸೊಸೆ ಮಾಡಿದರು, ಅಸ್ಸಾಮಿನಿಂದ ಬಂದ ಹೋಟೆಲ್ ಕೆಲಸಗಾರ ಮಾಡಿದರು. ಎಫುವಾ ತನ್ನ ಪ್ರಬಂಧವನ್ನು ಇದರ ಮೇಲೆಯೇ ಬರೆದಳು.

ಘಟಿಕೋತ್ಸವದ ದಿನ ಅವಳು ನೀಲಿ ಹಳದಿಯ ಆ ಗೌನು ತೊಟ್ಟಿದ್ದಳು. ಕೂದಲೆಳೆಯಷ್ಟೂ ಆಚೀಚೆಯಾಗದೆ ಮೈಗೆ ಕೂತಿತ್ತು. ಊರಿನಿಂದ ಅವಳ ಅಮ್ಮ ಕಳಿಸಿದ್ದ ಅದೇ ಬಟ್ಟೆಯಲ್ಲಿ ಶಿವನಂಜಮ್ಮ ಹದಿನೇಳು ರವಿಕೆ ಹೊಲಿದಿದ್ದಳು. ಬೀದಿಯ ಹದಿನೇಳು ಹೆಂಗಸರು ರೇಷ್ಮೆ ಸೀರೆಯ ಜೊತೆ ಅದನ್ನು ತೊಟ್ಟು, ಬಸ್ಸು ಹತ್ತಿ ಹೋದರು. ಎಫುವಾ ಸೀಟಿನಲ್ಲಿ ಕೂತಾಗ ಪಕ್ಕದಲ್ಲಿ ಕೂರಲು ಪ್ರಮೀಳಾಗೂ ಶಿವನಂಜಮ್ಮನಿಗೂ ಜಗಳವೇ ಆಯಿತಂತೆ. ಹೆಸರು ಕೂಗಿದಾಗ ಹೊಡೆದ ಚಪ್ಪಾಳೆ ತಮ್ಮ ಕಿವಿಯಲ್ಲಿ ಇನ್ನೂ ಇದೆ ಎಂದು ಗುರುಮಲ್ಲಪ್ಪನವರು ಸಂಜೆ ನನ್ನ ಮುಂದೆ ಕೂತು ಹೇಳಿದರು.

ಹೊರಡುವ ದಿನ ಶಿವನಂಜಮ್ಮ ನನ್ನನ್ನು ಎಫುವಾಳ ಪೆಟ್ಟಿಗೆಗೆ ಇಟ್ಟಳು. "ಬೇಡ ಅಮ್ಮ, ಇದು ನಿಮ್ಮ ಅಮ್ಮಂದು," ಎಂದಳು ಎಫುವಾ.

"ಅದಕ್ಕೇ ಕೊಡ್ತಿರೋದು. ನಮ್ಮವ್ವ ಈ ಊರು ಬುಟ್ಟು ಆಚೆ ಹೋದೋಳಲ್ಲ. ಇದಾದ್ರೂ ಹೋಗಿ ಬರ್ಲಿ."

ಹೀಗೆ ನಾನು ಘಾನಾಕ್ಕೆ ಬಂದೆ. ಕೇಪ್ ಕೋಸ್ಟ್ ಎಂಬ ಊರು, ಎದುರಿಗೆ ಸಮುದ್ರ. ಎಫುವಾ ಇಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಹತ್ತು ವರ್ಷ ಅವಳ ತರಗತಿಯಲ್ಲಿ ದುಡಿದೆ. ಉಪ್ಪುಗಾಳಿಗೆ ಕೀಲು ಕಿಲುಬು ಹಿಡಿಯಿತು, ಒಂದು ಬದಿ ಸೀಳಿತು. ಈಗ ಕಿಟಕಿಯ ಪಕ್ಕದ ಕಪಾಟಿನಲ್ಲಿ ವಿಶ್ರಾಂತಿ. ಇಲ್ಲಿನ ಬಡಗಿ ನನ್ನ ಅಳತೆ ತೆಗೆದುಕೊಂಡು ಹೊಸದೊಂದು ಮಾಡಿಕೊಟ್ಟಿದ್ದಾನೆ. ಮಕ್ಕಳು ಅದರಲ್ಲಿ ಆಡುತ್ತಾರೆ, ನಾನು ನೋಡುತ್ತೇನೆ.

ಆಟ, ಕಥೆ ಇವೆಲ್ಲ ಮನುಷ್ಯರಿಗೆ ಒಳ್ಳೆಯದನ್ನು ಕಲಿಸುತ್ತವೆಯೇ ಎಂದು ಎಫುವಾಳನ್ನು ನೋಡಲು ಬರುವವರು ಕೇಳುತ್ತಿರುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುತ್ತಿದ್ದೆ: ಇಪ್ಪತ್ತು ವರ್ಷ ಆಡಿಯೂ ಏನೂ ಕಲಿಯದವರನ್ನು ಬಲ್ಲೆ, ಅರ್ಧ ಗಂಟೆಯಲ್ಲಿ ಕಲಿತವರನ್ನೂ ಬಲ್ಲೆ. ಮಣೆ ಅದೇ, ಕಾಳು ಅದೇ. ರುಕ್ಮಿಣಮ್ಮನವರ ಎದುರಿಗೆ ಯಾವಾಗಲೂ ಅವರಂಥವರೇ ಕೂತಿದ್ದರು. ಶಿವನಂಜಮ್ಮನ ಎದುರಿಗೆ ಎಫುವಾ ಕೂತಳು. ಸಿಂಚನಾ ಎಫುವಾಳ ಜಾಗದಲ್ಲೇ ಕೂತಳು. ನನಗೆ ತಿಳಿದದ್ದು ಇಷ್ಟು. ಇಷ್ಟು ತಿಳಿದುಕೊಂಡೆ ಎಂಬುದರಲ್ಲಿ ನನಗೆ ಹೆಮ್ಮೆಯಿದೆ, ಮರದ ತುಂಡಿಗೆ ಇರಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಈ ವರ್ಷ ತರಗತಿಗೆ ಡೆಲಾ ಎಂಬ ಹುಡುಗಿ ಸೇರಿದ್ದಾಳೆ. ಪಕ್ಕದ ಟೋಗೋ ದೇಶದಿಂದ ಬಂದ ಮೀನುಗಾರರ ಮಗಳು. ಅವಳ ಉಚ್ಚಾರಣೆ ಬೇರೆ. ಬಾಯಿ ಬಿಟ್ಟರೆ ಉಳಿದವರು ನಗುತ್ತಿದ್ದರು, ಅದಕ್ಕೆ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಎಫುವಾ ಒಂದು ಬೆಳಗ್ಗೆ ಮಕ್ಕಳನ್ನೆಲ್ಲ ಹೊಸ ಮಣೆಯ ಸುತ್ತ ಕೂರಿಸಿ, ಇವತ್ತು ಕಾಳನ್ನು ಮೈಸೂರಿನ ಭಾಷೆಯಲ್ಲಿ ಎಣಿಸಬೇಕು ಎಂದಳು. ಯಾರಿಗೂ ಗೊತ್ತಿಲ್ಲದ ಭಾಷೆ. ಒಂದು, ಎರಡು, ಮೂರು. ಎಲ್ಲರ ನಾಲಿಗೆಯೂ ತೊಡರಿತು, ಎಲ್ಲರಿಗೂ ಎಲ್ಲರ ಮೇಲೂ ನಗು ಬಂತು. ಐದರ ತನಕ ಹೇಗೋ ಬಂದರು. ಏಳಕ್ಕೆ ಬಂದು ನಿಂತರು. 'ಏಲು' ಎಂದರು, 'ಏರು' ಎಂದರು, ಅದು ಸರಿಯಲ್ಲ ಎಂದು ಎಫುವಾ ತಲೆಯಾಡಿಸಿದಳು.

ಹಿಂದಿನ ಸಾಲಿನಿಂದ ಡೆಲಾ ಎದ್ದು ಬಂದು ಕಾಳು ಕೈಗೆ ತೆಗೆದುಕೊಂಡಳು. ತನ್ನ ಮನೆಮಾತಿನಲ್ಲಿ ಮಾಡುವ ಹಾಗೆಯೇ ನಾಲಿಗೆಯನ್ನು ಮೇಲಕ್ಕೆ ಮಡಚಿ, ತರಗತಿಗೆಲ್ಲ ಕೇಳುವ ಹಾಗೆ, ಮೈಸೂರಿನ ಯಾವ ಮಗುವೂ ತಪ್ಪು ಹಿಡಿಯಲಾಗದ ಹಾಗೆ ಹೇಳಿದಳು.

"ಏಳು."

ಮೂವತ್ತೆರಡು ಮಕ್ಕಳು ಒಟ್ಟಿಗೆ ಚಪ್ಪಾಳೆ ಹೊಡೆದರು. ನನ್ನ ಕಪಾಟು ಅದುರಿತು. ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದು ಎಲ್ಲರೂ ಅವಳ ಸುತ್ತ ಮುತ್ತಿಕೊಂಡರು. ಅವಳು ಹೇಳಿದಳು, ಹೇಳುತ್ತಲೇ ಇದ್ದಳು.